ಮೂರು ಮನೆಗಳ ಬೀಗ

ಮಾರ್ಚ್ ೪, ಮಂಗಳವಾರ

ತಂಗಿ ಬಂದಿದ್ದಾಳೆ. ಕೈಯಲ್ಲೊಂದು ಚೀಲ, ಕಾಲಲ್ಲಿ ಬಚ್ಚಲಿಗೆ ಹಾಕುವ ಚಪ್ಪಲಿ. ನಾನು ಲ್ಯಾಬ್ ಮುಗಿಸಿ ಬಂದಾಗ ನಮ್ಮ ಫ್ಲ್ಯಾಟಿನ ಎದುರು ಮೆಟ್ಟಿಲ ಮೇಲೆ ಕುಳಿತಿದ್ದಳು. ಬಾಗಿಲ ಬೀಗದ ನಂಬರು ಅವಳಿಗೆ ಬಾಯಿಪಾಠ. ಆದರೂ ಒಳಗೆ ಹೋಗಿರಲಿಲ್ಲ.

"ಇದೇನೇ, ಹೊರಗೆ ಕೂತಿದ್ದೀಯಾ?"

"ನಂಬರ್ ಒತ್ತಿದ್ರೆ ಅವನಿಗೆ ಗೊತ್ತಾಗತ್ತೆ ಅಕ್ಕ."

"ಹುಚ್ಚಿ, ಇದು ನಮ್ಮನೆ. ಅವನಿಗೆ ಹೇಗೆ ಗೊತ್ತಾಗತ್ತೆ?" ಎಂದು ಎಬ್ಬಿಸಿ, ನಾನೇ ನಂಬರು ಒತ್ತಿ ಒಳಗೆ ಕರೆದುಕೊಂಡು ಹೋದೆ. ಕಾಫಿಗೆ ನೀರಿಡುವಷ್ಟರಲ್ಲಿ ನನ್ನ ಫೋನಿಗೆ ಅವಳ ಗಂಡನ ಮೆಸೇಜು ಬಂತು. "ಅಕ್ಕಾ, ಬಂದು ತಲುಪಿದ್ಲಲ್ಲ, ಒಳ್ಳೇದಾಯ್ತು. ಪಾಪ, ಅಷ್ಟು ಹೊತ್ತು ಮೆಟ್ಟಿಲ ಮೇಲೆ ಕೂತಿದ್ದು ನೋಡಿ ಬೇಜಾರಾಯ್ತು."

ಪಾತ್ರೆ ಕೈಜಾರಿತು. ಬಾಗಿಲ ಬೆಲ್ಲಿನಲ್ಲಿ ಒಂದು ಕ್ಯಾಮೆರಾ ಇರುವುದು ನನಗೆ ಮರೆತೇಹೋಗಿತ್ತು. ಅದನ್ನು ಕೂರಿಸಿದವನು ಅವನೇ. ಅವನದು ಇದೇ ವ್ಯಾಪಾರ: ಫೋನಿನಿಂದ ತೆರೆಯುವ ಬೀಗ, ಫೋನಿನಿಂದ ಹತ್ತುವ ದೀಪ, ಕ್ಯಾಮೆರಾ, ಗೀಸರು. ಮದುವೆಯಾದ ವರ್ಷವೇ ನಮ್ಮ ಫ್ಲ್ಯಾಟಿಗೆ, ಅವರ ಮನೆಗೆ, ಅಪ್ಪ ನಮ್ಮಿಬ್ಬರಿಗೆ ಬಿಟ್ಟುಹೋದ ಸಣ್ಣ ಮನೆಗೆ, ಮೂರಕ್ಕೂ ಹಾಕಿಕೊಟ್ಟಿದ್ದ. ಮೂರು ಮನೆಯೂ ನನ್ನ ಫೋನಿನ ಒಂದೇ ಆ್ಯಪಿನಲ್ಲಿವೆ. ಅಪ್ಪನ ಮನೆ ಎರಡು ಗಂಟೆ ದೂರದ ಊರಿನಲ್ಲಿದೆ. ಬಾಡಿಗೆಯವರು ಬಂದರೆ ಇಲ್ಲಿಂದಲೇ ಬಾಗಿಲು ತೆಗೆಯುತ್ತಿದ್ದೆ. ಎಂಥ ಅಳಿಯ ಸಿಕ್ಕ ಎಂದು ನೆಂಟರೆಲ್ಲ ಹೊಗಳಿದ್ದೇ ಹೊಗಳಿದ್ದು. ಕಳ್ಳನ ಕೈಗೆ ಬೀಗದ ಕೈ ಕೊಟ್ಟಿದ್ದೆವು.

ತಂಗಿ ತುಂಡುತುಂಡಾಗಿ ಹೇಳಿದಳು. ಫ್ರಿಜ್ ಎಷ್ಟು ಸಲ ತೆಗೆದಳು, ಬಾಗಿಲಾಚೆ ಎಷ್ಟು ಹೊತ್ತು ನಿಂತಳು, ಎಲ್ಲಕ್ಕೂ ಅವನಿಗೆ ಲೆಕ್ಕ ಹೋಗುತ್ತಿತ್ತಂತೆ. ಫೋನಿನಲ್ಲಿ ನಗುತ್ತ ಮಾತಾಡಿದರೆ ಕೋಣೆಯ ದೀಪ ಆರುತ್ತಿತ್ತಂತೆ. ಕೇಳಿದರೆ, "ಎಲ್ಲಾ ನಿನ್ನ ಒಳ್ಳೇದಕ್ಕೆ" ಅನ್ನುತ್ತಿದ್ದನಂತೆ. ನಿನ್ನೆ ಅವಳು ಮಲಗುವ ಕೋಣೆಯಲ್ಲಿದ್ದಾಗ ಅಂಗಡಿಯಿಂದಲೇ ಬೀಗ ಹಾಕಿದ್ದ. ಇವತ್ತು ಗೋಡೆಗೆ ಬಣ್ಣ ಹೊಡೆಯುವವರು ಬಂದರು, ತೆಗೆಯಲೇಬೇಕಾಯಿತು. ಅವರ ಏಣಿ ಒಳಗೆ ಬರುವಾಗ ಇವಳು ಹೊರಗೆ ಬಂದಳು.

ಬೆಲ್ಲಿನ ಮೇಲೆ ಬ್ಯಾಂಡೇಜ್ ಪಟ್ಟಿ ಅಂಟಿಸಿದೆ. ಕೈಗೆ ಅದೇ ಸಿಕ್ಕಿತು.

ಮಾರ್ಚ್ ೬, ಗುರುವಾರ

ಆ್ಯಪ್ ತೆರೆದು ನೋಡಿದೆ. ಮೂರು ಮನೆಗೂ ‘ಮಾಲೀಕ’ ಎಂದು ಅವನ ಹೆಸರು. ನಾನು ಬರೀ ‘ಸದಸ್ಯೆ’. ನನ್ನ ಮನೆಗೆ ನಾನು ಸದಸ್ಯೆ!

ಸಹಾಯವಾಣಿಯ ಹುಡುಗಿ ಹೇಳಿದಂತೆ ನಮ್ಮ ಫ್ಲ್ಯಾಟಿನ ಒಂದೊಂದೇ ಉಪಕರಣದ ಹಿಂದಿನ ತೂತಿಗೆ ಪಿನ್ನು ಚುಚ್ಚಿ, ಎಲ್ಲವನ್ನೂ ಅಳಿಸಿ, ಮತ್ತೆ ನನ್ನ ಹೆಸರಿಗೆ ಜೋಡಿಸಿದೆ. ರಜೆ ಹಾಕಿ ಇದೇ ಕೆಲಸ. ರೈಲು ಓಡಿಸುವ ನಮ್ಮವರು ಡ್ಯೂಟಿ ಮುಗಿಸಿ ಬಂದು, "ಷಡ್ಡಕ ನಮ್ಮನೆಗೆ ಬಲ್ಬ್ ಹಾಕ್ದ ಅಂದ್ಕೊಂಡಿದ್ದೆ, ಕಣ್ಣೇ ಹಾಕಿದ್ದಾನೆ" ಎಂದರು. ನಗು ಬರಲಿಲ್ಲ.

ಪೊಲೀಸರಿಗೆ ದೂರು ಕೊಟ್ಟಾಯಿತು. ಅವನು ಹತ್ತಿರ ಬರದಂತೆ ನ್ಯಾಯಾಲಯದಿಂದ ಆದೇಶ ಆಗುತ್ತದಂತೆ, ತಡವಾಗಬಹುದಂತೆ. ಅಷ್ಟರವರೆಗೆ ತಂಗಿ ಅಪ್ಪನ ಮನೆಯಲ್ಲಿರಲಿ ಎಂದು ತೀರ್ಮಾನವಾಗಿದೆ. ಇಲ್ಲಿ ಅವನು ಕೆಳಗೆ ಕಾರು ನಿಲ್ಲಿಸಿಕೊಂಡು ಕೂರುತ್ತಾನೆ. ಬೆಳಿಗ್ಗೆ ಕಿಟಕಿಯಿಂದ ನೋಡಿದೆ. ತಲೆ ಎತ್ತಿ ಕೈಬೀಸಿದ.

ಮಾರ್ಚ್ ೮, ಶನಿವಾರ

ಅಪ್ಪನ ಮನೆಗೆ ಹೋದೆವು. ಬಾಡಿಗೆಯವರು ಬಿಟ್ಟುಹೋದ ಮೇಲೆ ಮುಚ್ಚಿಕೊಂಡೇ ಇದ್ದ ಮನೆ. ಧೂಳು, ಮುಗ್ಗಲು ವಾಸನೆ ಇರುತ್ತದೆ ಎಂದುಕೊಂಡಿದ್ದೆ. ಬಾಗಿಲು ತೆಗೆದರೆ ಎಲ್ಲ ದೀಪಗಳೂ ಉರಿಯುತ್ತಿದ್ದವು. ಫ್ಯಾನು ತಿರುಗುತ್ತಿತ್ತು. ಬಚ್ಚಲಲ್ಲಿ ಗೀಸರಿನ ಕೆಂಪು ದೀಪ. ಯಾರೋ ಈಗಷ್ಟೇ ಎದ್ದುಹೋದ ಮನೆಯ ಹಾಗೆ.

ತಂಗಿ ಹೊಸ್ತಿಲಲ್ಲೇ ನಿಂತಳು. ಆಗ ಹಾಲಿನಲ್ಲಿದ್ದ ಸ್ಪೀಕರಿನಿಂದ ಅವನ ದನಿ ಬಂತು.

"ನೀರು ಕಾಯ್ಸಿಟ್ಟಿದ್ದೀನಿ. ಸ್ನಾನ ಮಾಡಿ ಮಲ್ಕೋ. ಸುಸ್ತಾಗಿದ್ದೀಯ."

 ಸ್ಪೀಕರಿನ ವೈರು ಕಿತ್ತು ಅಂಗಳಕ್ಕೆ ಎಸೆದೆ. ತಂಗಿ ಗೇಟಿನ ಹೊರಗೆ ಹೋಗಿ ರಸ್ತೆಯ ಮಧ್ಯೆ ನಿಂತುಬಿಟ್ಟಿದ್ದಳು. ಪಕ್ಕದ ಮನೆಯಿಂದ ಒಬ್ಬ ಹೆಂಗಸು ಹೊರಗೆ ಬಂದು, "ಯಾರಮ್ಮಾ ನೀವು, ರಸ್ತೆ ಮಧ್ಯ ನಿಂತ್ರೆ ನನ್ನ ಸ್ಟೂಡೆಂಟ್ಸು ಗುದ್ದಿಬಿಡ್ತಾರೆ, ಅವರಿಗಿನ್ನೂ ಬ್ರೇಕ್ ಬರಲ್ಲ" ಎಂದು ಕೂಗಿದರು. ಮನೆಯಲ್ಲೇ ಡ್ರೈವಿಂಗ್ ಸ್ಕೂಲು ನಡೆಸುವ ಮೇಡಂ. ತಂಗಿಯ ಮುಖ ನೋಡಿ ದನಿ ಇಳಿಸಿದರು. ಅವಳನ್ನು ಒಳಗೆ ಕರೆದು ನೀರು ಕೊಟ್ಟರು.

ಸಂಜೆಯವರೆಗೆ ಅಲ್ಲಿಯದನ್ನೂ ಅಳಿಸಿ ನನ್ನ ಹೆಸರಿಗೆ ಮಾಡಿಕೊಂಡೆ. "ಎಲ್ಲಾ ಕಿತ್ತು ಬಿಸಾಕೋಣ ಅಕ್ಕ, ಒಂದು ಹಳೇ ಬೀಗ ತರ್ತೀನಿ" ಎಂದಳು ತಂಗಿ. ನೆಗಡಿ ಬಂತೆಂದು ಮೂಗು ಕೊಯ್ಯುವುದೇ? ಕ್ಯಾಮೆರಾ ಇದ್ದರೆ ಅವನು ಬಂದದ್ದಾದರೂ ತಿಳಿಯುತ್ತದೆ. ಒಪ್ಪಿಸಿದೆ.

ಮಾರ್ಚ್ ೧೧, ಮಂಗಳವಾರ

ಅವರ ಮನೆ ಇನ್ನೂ ನನ್ನ ಆ್ಯಪಿನಲ್ಲಿದೆ. ಅವನಿಗೆ ನನ್ನನ್ನು ತೆಗೆಯಲು ಮರೆತಿರಬೇಕು. ಮುಂಬಾಗಿಲು ತೆರೆದರೆ, ಮುಚ್ಚಿದರೆ ನನಗೆ ತೋರಿಸುತ್ತದೆ. ಬೆಳಿಗ್ಗೆ ಹೋದ, ಮಧ್ಯಾಹ್ನ ಊಟಕ್ಕೆ ಬಂದ, ಮತ್ತೆ ಹೋದ. ಅವನು ಮನೆಯಲ್ಲಿದ್ದಾನೆ ಎಂದು ಕಂಡರೆ ನನಗೆ ಉಸಿರು ಬರುತ್ತದೆ. ಹೊರಗೆ ಹೋದನೆಂದರೆ ಫೋನು ಕೈಬಿಡುವುದಿಲ್ಲ. ಮತ್ತೆ ಮನೆಗೆ ಬರುವವರೆಗೂ ಯಾವ ಕೆಲಸವೂ ಓಡುವುದಿಲ್ಲ.

ಇವತ್ತು ಲ್ಯಾಬಿನಲ್ಲಿ ಒಬ್ಬ ಅಜ್ಜಿಯ ರಕ್ತನಾಳ ಸಿಗದೆ ಎರಡೆರಡು ಸಲ ಚುಚ್ಚಿದೆ. "ಯಾಕವ್ವ, ನಿನ್ನ ಕೈಯೇ ನಡುಗ್ತಿದೆ, ನಾನು ಹೆದರ್ಬೇಕಿತ್ತು" ಎಂದರು.

ಮಾರ್ಚ್ ೧೪, ಶುಕ್ರವಾರ

ಆ್ಯಪಿನಲ್ಲಿ ಎರಡೇ ಮನೆ ಇವೆ. ಅವರ ಮನೆ ಮಾಯವಾಗಿದೆ. ತೆಗೆದುಹಾಕಿದ್ದಾನೆ.

ಅಂದರೆ ಇಷ್ಟು ದಿನ ನಾನು ನೋಡುತ್ತಿದ್ದದ್ದು ಅವನಿಗೆ ಗೊತ್ತಿತ್ತು. ಈಗ ಅವನೆಲ್ಲಿದ್ದಾನೋ ನನಗೆ ಗೊತ್ತಿಲ್ಲ.

ಮಾರ್ಚ್ ೧೬, ಭಾನುವಾರ

ಅಪ್ಪನ ಮನೆಗೆ ಹೋಗಿ ಇನ್ನೂ ಮೂರು ಕ್ಯಾಮೆರಾ ಹಾಕಿಸಿ ಬಂದೆ. ಗೇಟಿಗೊಂದು ಇತ್ತು. ಈಗ ಹಾಲಿಗೆ, ಅಡಿಗೆಮನೆಗೆ, ಹಿತ್ತಿಲ ಬಾಗಿಲಿಗೆ. ಹಿತ್ತಿಲ ಬಾಗಿಲಿಗೆ ಬರೀ ಚಿಲಕವಿತ್ತು, ಅಲ್ಲಿಗೂ ಹೊಸ ಬೀಗ ಹಾಕಿಸಿದೆ. ಅದಕ್ಕೆ ಹೊರಗಡೆ ನಂಬರು ಒತ್ತುವ ಪಟ್ಟಿ ಇಲ್ಲ, ನನ್ನ ಫೋನಿನಿಂದ ಮಾತ್ರ ತೆರೆಯುವುದು. ಅದೇ ಭದ್ರ. ಆ್ಯಪಿನಲ್ಲಿ ‘ಎಲ್ಲಾ ಬಾಗಿಲು’ ಎಂಬ ಗುಂಡಿ ಮಾಡಿಕೊಂಡಿದ್ದೇನೆ. ಒಂದು ಸಲ ಒತ್ತಿದರೆ ಎರಡೂ ಬಾಗಿಲು ಬೀಗ.

ತಂಗಿಗೆ ಹತ್ತಿರದ ನರ್ಸರಿಯಲ್ಲಿ ಕೆಲಸ ಸಿಕ್ಕಿದೆ. ಸಸಿಗಳನ್ನು ಕುಂಡಕ್ಕೆ ಹಾಕುವುದು, ಗಿರಾಕಿಗಳಿಗೆ ತೋರಿಸುವುದು. ಉಗುರೆಲ್ಲ ಮಣ್ಣು ಮಾಡಿಕೊಂಡು ಬಂದಿದ್ದಳು. ಹಿತ್ತಿಲಲ್ಲಿ ಏನೇನೋ ನೆಟ್ಟಿದ್ದಾಳೆ. ಊಟ ಚೆನ್ನಾಗಿ ಮಾಡಿದಳು. ಅಡಿಗೆಮನೆಯ ಕ್ಯಾಮೆರಾ ನೋಡಿ, "ಇಲ್ಲೂ ಬೇಕಾ ಅಕ್ಕ?" ಎಂದಳು.

"ಕಿಟಕಿ ಇರೋದೇ ಅಲ್ಲಿ. ಕಿಟಕಿಯಿಂದ ಬಂದ್ರೆ?"

ಎದ್ದು ತಟ್ಟೆ ತೊಳೆಯತೊಡಗಿದಳು.

ಮಾರ್ಚ್ ೨೪, ಸೋಮವಾರ

ಈಗ ಸ್ವಲ್ಪ ನಿರಾಳ. ಊಟದ ಹೊತ್ತಿಗೆ ಆ್ಯಪ್ ತೆರೆದು ನೋಡಿಕೊಳ್ಳುತ್ತೇನೆ. ರಕ್ತದ ಮಾದರಿಗಳು ಯಂತ್ರದಲ್ಲಿ ತಿರುಗುವಾಗಲೂ ಒಂದು ಸಲ. ಅವಳು ಕೆಲಸದಿಂದ ಬಂದಳೋ, ಬಾಗಿಲು ಹಾಕಿಕೊಂಡಳೋ.

ಇವತ್ತು ಹೊತ್ತಿಗೆ ಸರಿಯಾಗಿ ಬರಲಿಲ್ಲ.  ಫೋನು ಎತ್ತಲಿಲ್ಲ. ಕೊನೆಗೆ ಗೇಟಿನ ಕ್ಯಾಮೆರಾದಲ್ಲಿ ಕಂಡಳು, ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ. ಸ್ಟಿಯರಿಂಗು ಇವಳ ಕೈಯಲ್ಲಿತ್ತು! ಇಳಿದು, ಮೇಡಂ ಜೊತೆ ಬಾಗಿ ಬಾಗಿ ನಗುತ್ತಿದ್ದಳು. ಕೂಡಲೇ ಫೋನ್ ಮಾಡಿದೆ.

"ಎಲ್ಲಿಗೆ ಹೋಗಿದ್ದೆ? ಹೇಳಿ ಹೋಗ್ಬಾರ್ದಾ?"

"ಇಲ್ಲೇ ಅಕ್ಕ, ಕಲೀತಾ ಇದ್ದೀನಿ. ಮೇಡಂ ಕಾಲ ಹತ್ರಾನೂ ಒಂದು ಬ್ರೇಕ್ ಇದೆ, ಆದ್ರೆ ಅವರು ಅದನ್ನ ಮುಟ್ಟೋದೇ ಇಲ್ಲ ಗೊತ್ತಾ."

"ಸರಿ, ಆದ್ರೆ ಅಷ್ಟೊತ್ತು ರಸ್ತೇಲಿ ನಿಂತು ನಗೋದೇನಿತ್ತು? ಯಾರಾದ್ರೂ ನೋಡಿದ್ರೆ?"

 "ನಾನು ನಕ್ಕಿದ್ದು ನಿನಗೆ ಹೇಗೆ ಗೊತ್ತು?" ಎಂದಳು. ಆಮೇಲೆ ಫೋನಿಟ್ಟಳು. ಮಣ್ಣಿನ ಕೆಲಸ, ದಣಿದಿರುತ್ತಾಳೆ.

ಮಾರ್ಚ್ ೨೯, ಶನಿವಾರ

ಅವನ ಮೆಸೇಜು. ಹೊಸ ನಂಬರಿನಿಂದ. "ನೀವು ಅವಳನ್ನ ಚೆನ್ನಾಗಿ ನೋಡ್ಕೋತಿದ್ದೀರಿ ಅಕ್ಕಾ. ನಿಮ್ಮ ಮೇಲೆ ನನಗೆ ನಂಬಿಕೆ ಇದೆ."

ಪೊಲೀಸರಿಗೆ ಕಳಿಸಿದೆ. ಅದರಲ್ಲಿ ಬೆದರಿಕೆ ಏನೂ ಇಲ್ಲವಲ್ಲ ಎಂದರು.  ಆ ಮಾತನ್ನು ಎಷ್ಟು ಸಲ ಓದಿದೆನೋ. ಏನೋ ಹೊಂಚು ಹಾಕುತ್ತಿದ್ದಾನೆ.

ಏಪ್ರಿಲ್ ೨, ಬುಧವಾರ

ಇವರು ಹೇಳಿದರು: "ಊಟ ಮಾಡುವಾಗಲಾದ್ರೂ ಅದನ್ನ ಕೆಳಗಿಡು. ಸಿಗ್ನಲ್ ನೋಡೋದು ನನ್ನ ಕೆಲಸ ಅಂದ್ಕೊಂಡಿದ್ದೆ." ಇವರಿಗೆ ತಮಾಷೆ. ತಂಗಿ ಇವರ ತಂಗಿಯಲ್ಲವಲ್ಲ.

ಅಪ್ಪನ ಮನೆಯ ಬೀಗಗಳಿಗೆ ಇನ್ನೊಂದು ವ್ಯವಸ್ಥೆ ಮಾಡಿದೆ. ‘ಎಲ್ಲಾ ಬಾಗಿಲು’ ಒತ್ತಿದರೆ ಒಳಗಿನಿಂದಲೂ ತೆರೆಯುವುದಿಲ್ಲ. ಯಾರೋ ಪರಿಚಯದವರ ಹಾಗೆ ಬೆಲ್ ಮಾಡಿದರೆ ಅವಳು ಯೋಚಿಸದೆ ತೆಗೆದುಬಿಡುವವಳು. ಮೊದಲಿಂದಲೂ ಅಷ್ಟೆ, ಮನಸ್ಸು ಮೆದು.

ಏಪ್ರಿಲ್ ೫, ಶನಿವಾರ

ಬೆಳಿಗ್ಗೆ ನರ್ಸರಿಗೆ ಹೊರಟವಳಿಗೆ ಬಾಗಿಲು ತೆರೆಯಲಿಲ್ಲವಂತೆ. ರಾತ್ರಿ ನಾನು ಹಾಕಿದ ಬೀಗ ತೆಗೆಯಲು ಮರೆತಿದ್ದೆ. ನಾನೋ ಒಬ್ಬರಾದ ಮೇಲೊಬ್ಬರಿಗೆ ರಕ್ತ ತೆಗೆಯುತ್ತಿದ್ದೆ, ಫೋನು ಡ್ರಾಯರಿನಲ್ಲಿತ್ತು. ನೋಡಿದಾಗ ಅವಳ ಕರೆಗಳ ಸಾಲು. ಹಾಲಿನ ಕ್ಯಾಮೆರಾದಲ್ಲಿ ನೋಡಿದರೆ ಬಾಗಿಲ ಬುಡದಲ್ಲಿ ಮಂಡಿ ಅಪ್ಪಿಕೊಂಡು ಕುಳಿತಿದ್ದಾಳೆ.

ಕೂಡಲೇ ತೆಗೆದೆ. ಕ್ಷಮೆ ಕೇಳಿದೆ. "ಎಲ್ಲಾ ನಿನ್ನ ಒಳ್ಳೇದಕ್ಕೇ ತಾನೇ ಮಾಡಿದ್ದು" ಎಂದು ಸಮಾಧಾನ ಮಾಡಿದೆ.

 ಸಂಜೆ ನೋಡಿದರೆ ಅಡಿಗೆಮನೆಯ ಕ್ಯಾಮೆರಾದ ಮೇಲೆ ಒಂದು ಟವೆಲ್ಲು. ಬಟ್ಟೆ ಒಣಗಲು ಜಾಗವಿಲ್ಲವೇನೋ. ತೆಗೆ ಎಂದು ಮೆಸೇಜು ಹಾಕಿದೆ. ತೆಗೆದಳು.

ಏಪ್ರಿಲ್ ೧೧, ಶುಕ್ರವಾರ

ನಿದ್ದೆ ಬರುತ್ತಿಲ್ಲ. ಬರೆದರೆ ಬರಬಹುದು.

ಊಟದ ಹೊತ್ತು. ಡಬ್ಬಿ ತೆರೆದಿಟ್ಟುಕೊಂಡು ಆ್ಯಪ್ ನೋಡುತ್ತಿದ್ದೆ. ಅಪ್ಪನ ಮನೆಯ ಗೇಟಿನ ಮುಂದೆ ಕಾರು ನಿಂತಿತು. ಅವನು ಇಳಿದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲೊಂದು ಪೊಟ್ಟಣ. ಕ್ಯಾಮೆರಾದತ್ತ ನೇರ ನೋಡಿ, ಕೂದಲು ಸರಿಮಾಡಿಕೊಂಡ. ತಂಗಿಗೆ ಇವತ್ತು ವಾರದ ರಜೆ, ಮನೆಯಲ್ಲೇ ಇದ್ದಳು.

‘ಎಲ್ಲಾ ಬಾಗಿಲು’ ಒತ್ತಿದೆ. ಎರಡೂ ಕೆಂಪಾದವು. ಅಬ್ಬ ಎಂದುಕೊಂಡೆ. ಪೊಲೀಸರಿಗೆ ಫೋನ್ ಮಾಡಿ ವಿಳಾಸ ಹೇಳಿದೆ. ಆಮೇಲೆ ತಂಗಿಗೆ ಮಾಡಿದೆ.

ಅವಳ ಫೋನು ಅಡಿಗೆಮನೆಯ ಕಟ್ಟೆಯ ಮೇಲೆ ರಿಂಗಾಗುತ್ತಿತ್ತು. ಕ್ಯಾಮೆರಾದಲ್ಲಿ ಅದರ ಬೆಳಕು ಮಿನುಗುವುದು ಕಾಣುತ್ತಿತ್ತು. ಹತ್ತಿರ ಯಾರೂ ಇರಲಿಲ್ಲ. ಹಾಲಿನಲ್ಲಿಯೂ ಇರಲಿಲ್ಲ. ಹಿತ್ತಿಲ ಕ್ಯಾಮೆರಾ ತೆರೆದೆ. ಕೈಯಲ್ಲಿ ನೀರಿನ ಪೈಪು ಹಿಡಿದುಕೊಂಡು, ಮುಚ್ಚಿದ ಬಾಗಿಲಿನ ಹಿಡಿಕೆ ಎಳೆಯುತ್ತಿದ್ದಾಳೆ. ಹೊರಗೆ.

ಅವಳನ್ನು ಹೊರಗಿಟ್ಟು ಬೀಗ ಹಾಕಿದ್ದೆ.

ಅವನು ಮನೆಯ ಪಕ್ಕದ ಓಣಿಗೆ ತಿರುಗುವುದು ಗೇಟಿನ ಕ್ಯಾಮೆರಾದಲ್ಲಿ ಕಂಡಿತು. ತಂಗಿಗೂ ಹೆಜ್ಜೆ ಸಪ್ಪಳ ಕೇಳಿಸಿರಬೇಕು. ಪೈಪು ಬಿಸಾಕಿ ಎರಡೂ ಕೈಯಿಂದ ಬಾಗಿಲು ಬಡಿದಳು. ಕ್ಯಾಮೆರಾದತ್ತ ಮುಖ ಎತ್ತಿ ಏನೋ ಕೂಗಿದಳು. ‘ತೆರೆ’ ಒತ್ತಿದೆ. ಚಕ್ರ ತಿರುಗಿತು, ‘ದಯವಿಟ್ಟು ಕಾಯಿರಿ’ ಎಂದಿತು. ಮತ್ತೆ ಒತ್ತಿದೆ. ದಯವಿಟ್ಟು ಕಾಯಿರಿ. "ತೆಗಿಯೋ, ತೆಗಿಯೋ" ಎಂದು ನಾನು ಲ್ಯಾಬಿನಲ್ಲಿ ಕಿರುಚುತ್ತಿದ್ದೆನಂತೆ, ಆಮೇಲೆ ಹೇಳಿದರು.

ತಂಗಿ ಚಿತ್ರದಿಂದ ಆಚೆ ಓಡಿದಳು. ಅವನು ಚಿತ್ರದೊಳಗೆ ಬಂದ. ಸುತ್ತ ನೋಡಿದ, ಹಿಡಿಕೆಗೆ ಕೈ ಹಾಕಿದ. ಅದೇ ಗಳಿಗೆಯಲ್ಲಿ ಬೀಗ ಹಸಿರಾಯಿತು. ಬಾಗಿಲು ತೆರೆದುಕೊಂಡಿತು. ಅವಳಿಗೆಂದು ತೆಗೆದ ಬಾಗಿಲಿನಿಂದ ಅವನು ಒಳಗೆ ಹೋದ. ಅವಳು ಒಳಗಿದ್ದಾಳೆ ಎಂದುಕೊಂಡಿರಬೇಕು, ಕೋಣೆ ಕೋಣೆ ಹುಡುಕಿದ.

ನಾನು ಮತ್ತೆ ಗುಂಡಿ ಒತ್ತಿದೆ. ಈ ಸಲ ತಡವಾಗಲಿಲ್ಲ. ಎರಡು ಬಾಗಿಲೂ ಬೀಗ, ಒಳಗಿನಿಂದಲೂ. ಅವನು ಹಿಂತಿರುಗಿ ಬಂದು ಎಳೆದ, ಒದ್ದ. ಆಮೇಲೆ ಹಾಲಿನಲ್ಲಿ ಕುಳಿತು ಕ್ಯಾಮೆರಾವನ್ನೇ ನೋಡತೊಡಗಿದ. ಪೊಲೀಸರು ಬರುವವರೆಗೂ ನಾವಿಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ಕುಳಿತಿದ್ದೆವು. ಅವನಿಗೆ ನಾನು ಕಾಣುತ್ತಿರಲಿಲ್ಲ, ಆದರೂ.

ತಂಗಿ ಗೋಡೆ ಹಾರಿ ಪಕ್ಕದ ಮನೆಗೆ ಬಿದ್ದಿದ್ದಳು. ಮೇಡಂ ಕಲಿಕೆಯ ಕಾರನ್ನು ಗೇಟಿಗೆ ಅಡ್ಡ ನಿಲ್ಲಿಸಿ, ಜಾಕ್ ತಿರುಗಿಸುವ ಕಬ್ಬಿಣದ ರಾಡು ಹಿಡಿದು ಅದರೊಳಗೆ ಕೂತಿದ್ದರಂತೆ. ತಂಗಿಯ ಮೊಣಕಾಲು ತರಚಿದೆ, ಮುಂಗೈ ಬಾತಿದೆ. ಜೀವಕ್ಕೇನೂ ಇಲ್ಲ. ಜೀವಕ್ಕೇನೂ ಇಲ್ಲ.

ಏಪ್ರಿಲ್ ೧೨, ಶನಿವಾರ

ಅವಳ ಹತ್ತಿರ ಬಂದಿದ್ದೇನೆ. ಮುಂಗೈಗೆ ಪಟ್ಟಿ ಕಟ್ಟಿದ್ದಾರೆ. ಅವನನ್ನು ಒಳಗೆ ಹಾಕಿದ್ದಾರೆ. ಜಾಮೀನು ಸಿಕ್ಕರೂ ಈ ಊರಿಗೆ ಕಾಲಿಡುವಂತಿಲ್ಲವಂತೆ. ನನ್ನ ಬೀಗದಿಂದಲೇ ಸಿಕ್ಕಿಬಿದ್ದ ಎಂದು ಇನ್ಸ್‌ಪೆಕ್ಟರೇ ಮೆಚ್ಚಿದರು.

ಅವರು ತಂಗಿಯ ಹೇಳಿಕೆ ಓದಿದರು. ‘ನನ್ನ ಗಂಡ ತನ್ನ ಫೋನಿನಿಂದ ಹಿತ್ತಿಲ ಬಾಗಿಲಿಗೆ ಬೀಗ ಹಾಕಿ, ನಾನು ಒಳಗೆ ಹೋಗದಂತೆ ಮಾಡಿದನು.’

"ಅದು ಅವನಲ್ಲ ಸರ್, ನಾನು" ಎಂದೆ.

ಇನ್ಸ್‌ಪೆಕ್ಟರು ಪೆನ್ನು ಎತ್ತಿಕೊಂಡು ನಮ್ಮಿಬ್ಬರನ್ನೂ ನೋಡಿದರು. ತಂಗಿ ನನ್ನನ್ನೇ ನೋಡುತ್ತಿದ್ದಳು.

"ನೀನಾ?" ಎಂದಳು.

"ಅವನು ಬಂದದ್ದು ಕಾಣಿಸ್ತು ಕಣೇ. ನೀನು ಒಳಗಿದ್ದೀಯ ಅಂತ..."

"ಆ ಹಿಡಿಕೆ ಎಳೀವಾಗ ಅವನ ಕೈಯೇ ಅಂತ ಗೊತ್ತಾಯ್ತು ಅಕ್ಕ. ಆ ಬೀಗ ನನಗೆ ಚೆನ್ನಾಗಿ ಗೊತ್ತು. ಒಂದು ಕ್ಷಣಾನೂ ಅನುಮಾನ ಬರ್ಲಿಲ್ಲ." ಮತ್ತೆ ಹೇಳಿದಳು, "ಒಂದು ಕ್ಷಣಾನೂ."

ಹೆದರಿಕೆಯಲ್ಲಿ ಹಾಗೆ ಅನ್ನಿಸುತ್ತದೆ. ಯಾರಿಗಾದರೂ ಅನ್ನಿಸುತ್ತದೆ.

ಏಪ್ರಿಲ್ ೧೩, ಭಾನುವಾರ

ಬೆಳಿಗ್ಗೆ ಎದ್ದರೆ ತಂಗಿ ಕುರ್ಚಿ ಹತ್ತಿ ನಿಂತಿದ್ದಳು. ಪಟ್ಟಿ ಕಟ್ಟಿದ ಕೈಯಲ್ಲೇ ಸ್ಕ್ರೂಡ್ರೈವರು. ಕೆಳಗೆ ಮೇಡಂ ಕುರ್ಚಿ ಹಿಡಿದುಕೊಂಡಿದ್ದರು. ಒಂದೊಂದೇ ಕ್ಯಾಮೆರಾ ಬಿಚ್ಚಿ ಬಕೆಟ್ಟಿಗೆ ಹಾಕುತ್ತಿದ್ದಳು. ನಾನು ಎಷ್ಟೋ ಹೇಳಿದೆ. ಅವನಿಗೆ ಜಾಮೀನು ಸಿಕ್ಕೇ ಸಿಗುತ್ತದೆ, ಆದೇಶವೆಂದರೆ ಬರೀ ಕಾಗದ, ಆಗ ಯಾರು ನೋಡುತ್ತಾರೆ ಎಂದೆ. ಅತ್ತುಬಿಟ್ಟೆ.

"ಗೊತ್ತು ಅಕ್ಕ, ಅವನು ಬರಬಹುದು. ನನಗೂ ಭಯ ಇದೆ," ಎಂದಳು. "ಆದ್ರೆ ಭಯ ಆದ್ರೆ ಓಡೋಕೆ ನನಗೆ ಬಾಗಿಲು ತೆರೀಬೇಕು."

ಬಕೆಟ್ಟನ್ನು ನನ್ನ ಕಾರಿನ ಡಿಕ್ಕಿಯಲ್ಲಿ ಇಟ್ಟಳು. ಬೀಗ ರಿಪೇರಿಯವನು ಬಂದು ಎರಡು ಬಾಗಿಲಿಗೂ ಕೀಲಿಯ ಬೀಗ, ಒಳಗೆ ಸರಪಳಿ ಹಾಕಿಹೋದ. ಕೀಲಿ ಎರಡು. ಒಂದು ಅವಳ ಸೊಂಟದಲ್ಲಿ. ಇನ್ನೊಂದಕ್ಕೆ ನಾನು ಕೈಚಾಚಿದೆ. ಅದನ್ನು ಮೇಡಂಗೆ ಕೊಟ್ಟಳು.

ದಾರಿಯುದ್ದಕ್ಕೂ ಕಣ್ಣು ಮಂಜಾಗಿ ಕಾರು ನಿಧಾನಕ್ಕೆ ಓಡಿಸಿದೆ.

ಏಪ್ರಿಲ್ ೨೨, ಮಂಗಳವಾರ

‘ಸಂಪರ್ಕವಿಲ್ಲ.’ ಆ್ಯಪಿನಲ್ಲಿ ಅಪ್ಪನ ಮನೆಯ ಎದುರು ಅದೊಂದೇ ಸಾಲು. ಆದರೂ ತೆರೆಯುತ್ತೇನೆ.

ಫೋನ್ ಮಾಡಿದರೆ ಎತ್ತುತ್ತಾಳೆ, ಎರಡು ಮಾತಾಡುತ್ತಾಳೆ. ನಾನು ಕೇಳುವುದೆಲ್ಲ ಊಟವಾಯಿತಾ, ಬಾಗಿಲು ಹಾಕಿದೆಯಾ. ಇವತ್ತು ಅವಳೇ ನಕ್ಕು, "ಬೇರೆ ಏನಾದ್ರೂ ಕೇಳು ಅಕ್ಕ" ಎಂದಳು. ಏನು ಕೇಳಬೇಕೋ ಹೊಳೆಯಲಿಲ್ಲ. ಕೊನೆಗೆ, ಹಿತ್ತಿಲಲ್ಲಿ ನೆಟ್ಟದ್ದೇನು ಎಂದು ಕೇಳಿದೆ. ಅಷ್ಟು ದಿನ ಕ್ಯಾಮೆರಾದಲ್ಲಿ ದಿನಾ ನೋಡಿದ್ದೆ, ಏನೆಂದು ಗಮನಿಸಿರಲಿಲ್ಲ. ಬದನೆಯಂತೆ, ಟೊಮೆಟೊವಂತೆ, ಒಂದು ಬಳ್ಳಿಯ ಹೆಸರು ಅವಳಿಗೂ ಗೊತ್ತಿಲ್ಲವಂತೆ. ಅದರ ಬಗ್ಗೆ ತುಂಬ ಹೊತ್ತು ಮಾತಾಡಿದಳು.

ಏಪ್ರಿಲ್ ೩೦, ಬುಧವಾರ

ಅವನಿಗೆ ಜಾಮೀನು ಸಿಕ್ಕಿದೆ.

ಮೇ ೪, ಭಾನುವಾರ

ಇವರು ರೈಲಿಗೆ ಹೋದ ಮೇಲೆ ಒಬ್ಬಳೇ ಹೊರಟೆ. ಬರುತ್ತೇನೆಂದು ತಂಗಿಗೆ ಮೊದಲೇ ಹೇಳಿದ್ದೆ. "ಬಾ, ಆದ್ರೆ ನಾಲ್ಕು ದಿಕ್ಕಿಗೂ ನೋಡ್ಕೊಂಡು ಬರಬೇಡ, ಸುಮ್ನೆ ಬಾ" ಎಂದಿದ್ದಳು. ಆದರೂ ದಾರಿಯುದ್ದಕ್ಕೂ ಹಿಂದಿನ ಕಾರುಗಳನ್ನು ನೋಡಿಕೊಂಡೇ ಹೋದೆ.

ಗೇಟಿನ ಕಂಬದಲ್ಲಿ ಸ್ಕ್ರೂ ಬಿಚ್ಚಿದ ನಾಲ್ಕು ತೂತುಗಳಿವೆ. ಬಾಗಿಲ ಮುಂದೆ ನಿಂತು ಬೆಲ್ಲಿಗಾಗಿ ಹುಡುಕಿದೆ. ಬೆಲ್ಲೂ ಇಲ್ಲ. ಬಡಿದೆ.

ಒಳಗಿನಿಂದ ಸದ್ದಿಲ್ಲ. ಮತ್ತೆ ಬಡಿದೆ.  ಮೇಡಂ ಮನೆಗೆ ಓಡಿ ಕೀಲಿ ತರಲೇ ಎಂದುಕೊಂಡೆ. ಗೇಟಿನವರೆಗೆ ಹೋಗಿ, ಯಾಕೋ ಹಿಂತಿರುಗಿ ಬಂದು ನಿಂತೆ. ಮರದ ಬಾಗಿಲು. ಆಚೆ ಏನಿದೆಯೋ ಕಾಣುವುದಿಲ್ಲ. ಅವಳಿದ್ದಾಳೋ, ಅವನಿದ್ದಾನೋ, ಮಲಗಿದ್ದಾಳೋ, ಬಿದ್ದಿದ್ದಾಳೋ. ಕೈ ತಾನಾಗಿ ಚೀಲದಲ್ಲಿ ಫೋನಿಗಾಗಿ ತಡಕಾಡಿತು. ಹೊರಗೆ ತೆಗೆಯಲಿಲ್ಲ. ತೆಗೆದರೂ ಅದರಲ್ಲೇನೂ ಇರಲಿಲ್ಲ.

ಕೊನೆಗೆ ಒಳಗೆ ಕಾಲ ಸಪ್ಪಳ. ಬಾಗಿಲಿನ ಆಚೆ ಬಂದು ನಿಂತಿತು.

"ಯಾರು?"

ಅವಳ ದನಿ ಸಣ್ಣಗೆ ನಡುಗುತ್ತಿತ್ತು. ನನ್ನದೂ.

"ನಾನು ಕಣೇ. ಅಕ್ಕ."

ಆಮೇಲೂ ಕೂಡಲೇ ತೆರೆಯಲಿಲ್ಲ. ನಾನು ಇನ್ನೇನೂ ಹೇಳಲಿಲ್ಲ, ಮತ್ತೆ ಬಡಿಯಲೂ ಇಲ್ಲ. ಬಾಗಿಲಿನ ಆಚೆ ಅವಳು, ಈಚೆ ನಾನು, ಇಬ್ಬರೂ ನಿಂತಿದ್ದೆವು. ಆಮೇಲೆ ಸರಪಳಿ ಸರಿಯಿತು, ಕೀಲಿ ತಿರುಗಿತು. ಅವಳೇ ತೆಗೆದಳು.